ಲೀಲಾಧರನ ಥೈರಾಯ್ಡ್

ಕಾಪುವಿನ ಲೀಲಾಧರ ಮಲ್ಪೆ ಬಂದರಿನಲ್ಲಿ ಮೀನು ಏಲಂ ಕೂಗುವವನು. ಐವತ್ತು ದಾಟುತ್ತಿದ್ದಂತೆ ಅವನ ಸ್ವರ ಒಡೆಯಿತು, ಮುಖ ಊದಿಕೊಂಡಿತು, ಕೂತಲ್ಲೇ ನಿದ್ದೆ ಬರತೊಡಗಿತು. ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಕಡಿಮೆಯಾಗಿದೆ ಎಂದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಲು ಮಾತ್ರೆ ಬರೆದುಕೊಟ್ಟರು.

ಅದೇ ವಾರ ಬಂದರಿನಲ್ಲಿ ಜೊತೆಗಾರ ಕಿಟ್ಟ ಅವನ ಕಿಸೆಯಿಂದ ಇಣುಕುತ್ತಿದ್ದ ಮಾತ್ರೆಯ ಚೀಟಿ ನೋಡಿದ.

"ಇದು ನನ್ನ ಹೆಂಡತಿ ತಿನ್ನುವ ಮಾತ್ರೆ ಅಲ್ವಾ ಮಾರಾಯ! ನಿನಗೆ ಎಂತಕ್ಕೆ?"

ಸುತ್ತಲಿನವರೆಲ್ಲ ನಕ್ಕರು. ಲೀಲಾಧರನೂ ನಕ್ಕ. ಆದರೆ ಮರುದಿನದಿಂದ, ಹೆಂಡತಿ ಅಕ್ಕು ನೀರಿನ ಜೊತೆ ಕೊಡುತ್ತಿದ್ದ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹಿತ್ತಿಲಿಗೆ ಹೋಗಿ ಉಗುಳತೊಡಗಿದ.

ಎರಡು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿಸಲು ಹೇಳಿದರು. ಸಿಕ್ಕಿಬೀಳುವ ಹೆದರಿಕೆಗೆ ಅವನು ಆ ಒಂದು ವಾರ ಅಕ್ಕು ಕೊಟ್ಟದ್ದನ್ನು ನುಂಗಿ, ಅವಳ ಕಣ್ಣು ತಪ್ಪಿಸಿ ಇನ್ನಷ್ಟು ನುಂಗಿದ.

ಕಾಪುವಿನ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವವಳು ಶರೋನ್. ಅವಳು ಕೊಟ್ಟ ರಿಪೋರ್ಟಿನಲ್ಲಿ ಟಿ-ಫೋರ್ ಸರಿಯಾಗಿತ್ತು, ಟಿಎಸ್‌ಎಚ್ ಮಾತ್ರ ಮಿತಿಮೀರಿ ಏರಿತ್ತು. "ಎರಡೂ ತಾಳೆಯಾಗುವುದಿಲ್ಲವಲ್ಲ" ಎಂದು ಡಾಕ್ಟರು ಹುಬ್ಬು ಗಂಟಿಕ್ಕಿದರು. ಲೀಲಾಧರನಿಗೆ ಅಷ್ಟೇ ಸಾಕಾಯಿತು. ನೆಟ್ಟಗೆ ಲ್ಯಾಬಿಗೆ ಹೋಗಿ, ಕಾಯುತ್ತಿದ್ದವರ ಮುಂದೆಯೇ ಕೂಗಾಡಿದ.

"ಒಂದು ಸರಿ, ಒಂದು ತಪ್ಪು ಅಂದರೆ ಎಂತ ಅರ್ಥ? ಯಾರ ರಕ್ತವನ್ನು ಯಾರದ್ದಕ್ಕೆ ಸೇರಿಸಿದ್ದೀ? ನಿನ್ನ ಕೈಗೆ ಸೂಜಿ ಕೊಟ್ಟವರು ಯಾರು?"

"ನಾನು ಎರಡು ಸಲ ನೋಡಿದ್ದೇನೆ ಅಣ್ಣಾ" ಎಂದಳು ಶರೋನ್. ಕಾಯುತ್ತಿದ್ದವರಲ್ಲಿ ಇಬ್ಬರು ಎದ್ದು ಹೋದರು.

ಅಕ್ಕು ಬಿಡಲಿಲ್ಲ. ಮರುದಿನವೇ ಗಂಡನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಪರೀಕ್ಷೆ ಮಾಡಿಸಿದಳು. ಅಲ್ಲಿಯೂ ಹೆಚ್ಚುಕಡಿಮೆ ಅವೇ ಸಂಖ್ಯೆಗಳು ಬಂದವು. ಅಲ್ಲಿನ ಡಾಕ್ಟರಮ್ಮ ಎರಡೂ ರಿಪೋರ್ಟುಗಳನ್ನು ನೋಡಿ ಮೆಲ್ಲಗೆ ಕೇಳಿದರು:

"ಮಾತ್ರೆ ದಿನಾ ತೆಗೆದುಕೊಳ್ಳುತ್ತೀರಾ?"

"ನಾನೇ ಕೈಯಾರೆ ಕೊಡುವುದು ಡಾಕ್ಟ್ರೇ, ಒಂದು ದಿನವೂ ತಪ್ಪಿಲ್ಲ" ಎಂದಳು ಅಕ್ಕು.

"ಟಿ-ಫೋರ್ ಅಂದರೆ ಥೈರಾಯ್ಡ್ ಹಾರ್ಮೋನು, ನೀವು ನುಂಗುವ ಮಾತ್ರೆಯೂ ಅದೇ. ನಾಲ್ಕು ದಿನ ಜಾಸ್ತಿ ನುಂಗಿದರೆ ರಕ್ತದಲ್ಲಿ ಬೇಗ ಏರುತ್ತದೆ. ಟಿಎಸ್‌ಎಚ್ ಹಾಗಲ್ಲ. ಹಾರ್ಮೋನು ಸಾಲದೆ ಇದ್ದಾಗ ಮೆದುಳಿನ ಬುಡದಲ್ಲಿರುವ ಗ್ರಂಥಿ ಅದನ್ನು ಹೆಚ್ಚು ಸುರಿಸುತ್ತದೆ. ಅದು ಇಳಿಯಬೇಕಾದರೆ ಐದಾರು ವಾರ ಸರಿಯಾಗಿ ಮಾತ್ರೆ ತಿನ್ನಬೇಕು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ನುಂಗಿದವರ ರಿಪೋರ್ಟು ಹೆಚ್ಚಾಗಿ ಹೀಗೇ ಬರುತ್ತದೆ."

ಲೀಲಾಧರ ತಲೆ ಎತ್ತಲಿಲ್ಲ. ಅಕ್ಕು ಅವನ ಕಡೆ ತಿರುಗಿ ನೋಡಿದ್ದು ಅವನಿಗೆ ಗೊತ್ತಾಯಿತು.

"ಉಗುಳುತ್ತಿದ್ದೆ" ಎಂದ.

ಬಸ್ಸು ಉಡುಪಿ ದಾಟಿದ ಮೇಲೆ ಅಕ್ಕು, "ನನ್ನ ಹತ್ತಿರ ಹೇಳಬಹುದಿತ್ತು" ಎಂದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕಾಪುವಿನಲ್ಲಿ ಇಳಿದವನೇ ಅವನು ಲ್ಯಾಬಿಗೆ ನಡೆದ. ಬೆಂಚಿನ ಮೇಲೆ ಜನ ಇದ್ದರು. ಅವರು ಹೋಗುವ ತನಕ ಹೊರಗೆ ನಿಲ್ಲೋಣ ಎನಿಸಿತು. ಬೈದದ್ದು ಜನರ ಮುಂದೆ ಎಂಬುದು ನೆನಪಾಗಿ ಒಳಗೆ ಹೋದ.

"ಶರೋನಮ್ಮಾ, ನಿಮ್ಮ ರಿಪೋರ್ಟ್ ಸರಿ ಇತ್ತು. ಮಾತ್ರೆ ತಿನ್ನದೆ ಸುಳ್ಳು ಹೇಳಿದವನು ನಾನು. ತಪ್ಪಾಯಿತು."

ಶರೋನ್ ಕೈಗವಸು ಕಳಚಿದಳು. "ಆ ದಿನ ಬೆಂಚಿನಲ್ಲಿ ನನ್ನ ಅಪ್ಪನೂ ಕೂತಿದ್ದರು ಅಣ್ಣಾ. ಮನೆಗೆ ಹೋಗಿ ಅವರು ಊಟವನ್ನೇ ಮಾಡಲಿಲ್ಲ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೀಲಾಧರನಿಗೆ ನಿಂತ ನೆಲ ಬಿರಿಯಬಾರದೇ ಎನಿಸಿತು.

ಅಂದೇ ಸಂಜೆ ಅವಳ ಮನೆ ವಿಚಾರಿಸಿಕೊಂಡು ಹೋದ. ಅವಳ ಅಪ್ಪ ಕಾರ್ಲ್ ಬಾಗಿಲು ತೆರೆದು, ಅವನು ಹೇಳಿದ್ದನ್ನೆಲ್ಲ ಕೇಳಿ, "ಆಯಿತು" ಎಂದಷ್ಟೇ ಹೇಳಿದರು. ಒಳಗೆ ಬಾ ಎನ್ನಲಿಲ್ಲ.

ಆರು ವಾರ ಮಾತ್ರೆ ತಪ್ಪಲಿಲ್ಲ. ಟಿಎಸ್‌ಎಚ್ ಬಹಳಷ್ಟು ಇಳಿಯಿತು, ಸ್ವರವೂ ಸ್ವಲ್ಪ ಮರಳಿತು. ರಕ್ತ ಕೊಡಲು ಶರೋನ್‌ಳ ಮುಂದೆ ಕೂತಾಗ ಮಾತ್ರ ಅವನು ಕೈ ಚಾಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಸೂಜಿಗೆ ಹೆದರಿಕೆ ಇರಬೇಕೆಂದು ಪಕ್ಕದವರು ತಿಳಿದರು.