ಎದೆಯಲ್ಲಿ ಒಂದು ಗಂಟು

ಜನ ಇಂಟರ್‌ನೆಟ್ಟಿಗೆ ಹಾಕುವ ಚಿತ್ರ, ಬರಹಗಳಲ್ಲಿ ಯಂತ್ರಕ್ಕೆ ಅಶ್ಲೀಲ ಎಂದು ಅನುಮಾನ ಬಂದದ್ದೆಲ್ಲ ನಮ್ಮ ಆಫೀಸಿಗೆ ಬರುತ್ತದೆ. ಅದನ್ನು ನೋಡಿ ಇರಲಿ ಎನಿಸಿದರೆ ಹಸಿರು ಗುಂಡಿ ಒತ್ತಬೇಕು, ಬೇಡ ಎನಿಸಿದರೆ ಕೆಂಪು. ನನ್ನ ಕೆಲಸ ಇಷ್ಟೇ.

ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿದ್ದು ನೆರೆಮನೆಯವರಿಗೆ ಇವತ್ತಿಗೂ ನುಂಗಲಾರದ ತುತ್ತು. ಕೆಲಸ ಕೇಳಿಕೊಂಡು ಹೋದ ದಿನ ನಮ್ಮ ತಂಡದ ಲೀಡರ್ ಒಂದಷ್ಟು ಬೈಗುಳ ತೋರಿಸಿ, "ಇದ್ರಲ್ಲಿ ಯಾವ್ದು ತಮಾಷೆ, ಯಾವ್ದು ನಿಜವಾದ ಬೈಗುಳ, ಹೇಳಮ್ಮ" ಎಂದಿದ್ದರು. ನಾನು ತಲೆ ಎತ್ತದೆ ಬೆರಳಲ್ಲೇ ತೋರಿಸಿದೆ, ಒಂದನ್ನೂ ಬಾಯಿಬಿಟ್ಟು ಓದಲಿಲ್ಲ. ಮಾರ್ಕ್ಸ್ ಕಾರ್ಡ್ ಇಲ್ಲ ಸರ್ ಎಂದಾಗ ಅವರು ನಕ್ಕುಬಿಟ್ಟರು. "ಕೆಟ್ಟ ಮಾತು ಕಲಿಯೋಕೆ ಯಾವ ಸ್ಕೂಲಮ್ಮ? ನಾಳೆಯಿಂದ ಬಾ."

ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವಳನ್ನು ಎಲ್ಲರೂ ಕೆಂಪಕ್ಕ ಎನ್ನುತ್ತಾರೆ. ಅವಳ ಬೆರಳು ಸದಾ ಕೆಂಪು ಗುಂಡಿಯ ಮೇಲೇ ಇರುತ್ತದೆ. ಮಗುವಿಗೆ ಸ್ನಾನ ಮಾಡಿಸುವ ಫೋಟೋ ಬಂದರೂ ಕೆಂಪೇ. "ಸ್ವಲ್ಪ ನೋಡಿ ಒತ್ತಿ ಅಕ್ಕ" ಎಂದರೆ, "ನೋಡ್ತಾ ಕೂತ್ರೆ ನಾವೂ ಅವ್ರ ಸಾಲಿಗೇ ಸೇರ್ತೀವಿ ಕಣೆ" ಎನ್ನುತ್ತಾಳೆ.

ಕೆಲವು ಪದಗಳಿಗಂತೂ ವಿಚಾರಣೆಯೇ ಇರಲಿಲ್ಲ. ಅದರಲ್ಲಿ ಮೊದಲನೆಯದು ಮೊಲೆ. "ಆ ಪದ ಕಂಡ್ರೆ ತಲೆ ಕೆಡಿಸ್ಕೋಬೇಡಿ, ತೆಗೀರಿ" ಎಂದು ಲೀಡರ್ ಹೇಳಿದ್ದರು. "ಹಾಲು ಕುಡಿಸೋ ತಾಯಂದಿರು ಎದೆ ಅಂತ ಬರೀಲಿ. ಮರ್ಯಾದೆಯ ಪದ ಇದೆಯಲ್ಲ?" ನಾವು ಚಾಪೆ ಕೆಳಗೆ ನುಗ್ಗಿದರೆ ಪೋಲಿಗಳು ರಂಗೋಲಿ ಕೆಳಗೆ ನುಗ್ಗುವವರು. ಅವರು ಒಂದು ಗುಣಿತ ಕಡಿಮೆ ಮಾಡಿ ಮೊಲ ಎಂದು ಬರೆಯತೊಡಗಿದರು, ಪಕ್ಕದಲ್ಲಿ ಮೊಲದ ಚಿತ್ರವನ್ನೂ ಅಂಟಿಸಿದರು. ಯಂತ್ರ ಅದನ್ನೂ ಕಲಿತಿತು. ಆಮೇಲೆ ನಿಜವಾಗಿ ಮೊಲ ಸಾಕುವವನೊಬ್ಬ ಸಿಕ್ಕಿಬಿದ್ದ. "ಬಿಳಿ ಮೊಲ, ಜೋಡಿ ಮಾತ್ರ ಕೊಡಲಾಗುವುದು. ಮುಟ್ಟಿದರೆ ಕಚ್ಚುವುದಿಲ್ಲ" ಎಂದು ಅವನು ಹಾಕಿದ ಜಾಹೀರಾತು ನೋಡಿ ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕೆ.

ಬೆಳಗಿನಿಂದ ಸಂಜೆಯವರೆಗೆ ಕಂಡವರ ಬತ್ತಲೆ ಮೈ ನೋಡುವ ನಾನು ನನ್ನ ಮೈಯನ್ನು ಸರಿಯಾಗಿ ನೋಡಿದವಳಲ್ಲ. ಇರುವುದು ಅಣ್ಣನ ಮನೆಯಲ್ಲಿ. ಬಚ್ಚಲಿನ ಕನ್ನಡಿಯನ್ನು ಅವನು ಗಡ್ಡ ಕೆರೆದುಕೊಳ್ಳುವ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಅದರಲ್ಲಿ ನನಗೆ ಹಣೆ ಕಾಣುತ್ತದೆ, ತುದಿಗಾಲಲ್ಲಿ ನಿಂತರೆ ಮೂಗು. ಹಾಗಾಗಿ ಅದು ಮೊದಲು ಸಿಕ್ಕಿದ್ದು ಕಣ್ಣಿಗಲ್ಲ, ಕೈಗೆ. ಸೋಪು ಹಚ್ಚುವಾಗ ಎಡಗಡೆ, ಕಂಕುಳಿಗೆ ಹತ್ತಿರ, ಕಡಲೆಕಾಳಿನಷ್ಟು ಗಟ್ಟಿಯಾದದ್ದೊಂದು ತಡೆಯಿತು. ನೋವಿರಲಿಲ್ಲ. ಮರುದಿನವೂ ಅಲ್ಲೇ ಇತ್ತು. ಅಮ್ಮ ಇದ್ದಿದ್ದರೆ ಹೇಳುತ್ತಿದ್ದೆನೋ ಏನೋ.

ಅತ್ತಿಗೆ ಕೆಟ್ಟವಳಲ್ಲ. ಆದರೆ ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಅವಳಿಗೆ ಹೇಳಿದ್ದು ಅಣ್ಣನ ಕಿವಿಗೆ ಬಿದ್ದ ಮೇಲೆ ನಾನು ಅವನ ಎದುರು ಓಡಾಡುವುದು ಹೇಗೆ? ಆದರೂ ಬಟ್ಟೆ ಒಣಹಾಕುವಾಗ ಧೈರ್ಯ ಮಾಡಿದೆ.

"ಅತ್ತಿಗೆ, ಎದೆಯಲ್ಲಿ ಏನೋ ಒಂಥರಾ ಆಗಿದೆ."

"ಗ್ಯಾಸು" ಎಂದಳು ಅವಳು, ಅಣ್ಣನ ಅಂಗಿಯನ್ನು ಜಾಡಿಸುತ್ತಾ. "ಬೆಳಿಗ್ಗೆ ಏನೂ ತಿನ್ನದೆ ಓಡ್ತೀಯಲ್ಲ, ಇನ್ನೇನಾಗುತ್ತೆ? ಆ ತುದಿ ಹಿಡ್ಕೋ."

ನಾನು ತುದಿ ಹಿಡಿದುಕೊಂಡೆ.

ಹೆಂಗಸರೇ ಇರುವ ಒಂದು ಪೇಜು ನನಗೆ ಗೊತ್ತಿತ್ತು. ಅಡುಗೆ, ಸೊಸೆ, ಮುಟ್ಟಿನ ನೋವು, ಎಲ್ಲವನ್ನೂ ಅಲ್ಲಿ ಕೇಳುತ್ತಿದ್ದರು. ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು, ಸುಳ್ಳು ಹೆಸರಿನಲ್ಲಿ ಬರೆದೆ: "ಮೊಲೆಯಲ್ಲಿ ಗಂಟಿದೆ. ನೋವಿಲ್ಲ. ಯಾವ ಡಾಕ್ಟರಿಗೆ ತೋರಿಸಬೇಕು?" ಸಾವಿರ ಸಲ ಅಳಿಸಿದ ಆ ಪದವನ್ನು ನಾನೇ ಬರೆದದ್ದು ಅದೇ ಮೊದಲು. ಬೇರೆ ಹೇಗೆ ಬರೆಯಬೇಕೆಂದು ಹೊಳೆಯಲೇ ಇಲ್ಲ.

ಕೈತೊಳೆದು ವಾಪಸ್ ಬಂದಾಗ ನನ್ನ ವಾಕ್ಯ ಕೆಂಪಕ್ಕನ ಪರದೆಯ ಮೇಲಿತ್ತು. ಅವಳು ಬಿಸ್ಕತ್ತು ತಿನ್ನುತ್ತಿದ್ದಳು.

"ನೋಡೇ, ಹೊಸ ನಾಟಕ. ಕಾಯಿಲೆ ಅಂತ ಬರೆದು ಗಂಡಸರನ್ನ ಕರೆಯೋದು."

"ನಿಜವೂ ಇರಬಹುದು ಅಕ್ಕ."

"ನಿಜ ಇದ್ರೆ ಡಾಕ್ಟ್ರ ಹತ್ರ ಹೋಗ್ತಾಳೆ. ಊರಿಗೆಲ್ಲ ಡಂಗುರ ಹೊಡೀತಾಳಾ?" ಎಂದು ಗುಂಡಿ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, "ಯಾಕೆ, ಮುಖ ಇಷ್ಟು ಸಣ್ಣದಾಗಿದೆ? ಬಿಸ್ಕತ್ತು ತಗೋ" ಎಂದಳು.

ತಗೊಂಡೆ. ಕೀಬೋರ್ಡಿನ ಪಕ್ಕ ಇಟ್ಟೆ.

ಕೆಲಸ ಮುಗಿದ ಮೇಲೆ ಬಸ್ಸಿಗೆ ಕಾಯುತ್ತಾ ಲೀಡರ್ ಹೇಳಿದ ಮರ್ಯಾದೆಯ ಪದ ಹಾಕಿ ಮತ್ತೆ ಬರೆದೆ: "ಎದೆಯಲ್ಲಿ ಗಂಟಿದೆ. ಬಹಳ ದಿನವಾಯಿತು. ಯಾರಿಗೂ ಹೇಳಿಲ್ಲ. ಏನು ಮಾಡಲಿ?" ಈ ಸಲ ಯಾರೂ ಅಳಿಸಲಿಲ್ಲ. ಬಸ್ಸು ಹತ್ತಿ ಕಿಟಕಿಗೆ ಒರಗುವಷ್ಟರಲ್ಲಿ ಉತ್ತರಗಳು ಬರತೊಡಗಿದವು.

"ಗಂಟನ್ನು ಬಿಚ್ಚಿಡು ತಂಗಿ, ಅತ್ತರೆ ಹಗುರಾಗುತ್ತದೆ."

"ಅವನು ನಿನ್ನ ಯೋಗ್ಯತೆಗೆ ತಕ್ಕವನಲ್ಲ. ಬಿಟ್ಟಾಕು."

"ಕಾಲಕ್ಕಿಂತ ದೊಡ್ಡ ಮದ್ದಿಲ್ಲ ಮಗಳೇ."

ಒಬ್ಬರು ಪ್ರಾಸ ಕೂಡಿಸಿ ಪದ್ಯವನ್ನೇ ಬರೆದಿದ್ದರು. ಹೆಣ್ಣಿನ ಹೆಸರಿಟ್ಟುಕೊಂಡ ಯಾವನೋ ಒಬ್ಬ, "ಇನ್‌ಬಾಕ್ಸಿಗೆ ಬಾ, ಗಂಟು ನಾನು ಬಿಡಿಸ್ತೀನಿ" ಎಂದಿದ್ದ. ಉಳಿದದ್ದೆಲ್ಲ ಹೃದಯದ ಚಿತ್ರಗಳು, ಒಂದರ ಕೆಳಗೊಂದು. ಅಷ್ಟು ಜನ ಒಟ್ಟಿಗೆ ನನ್ನ ಬಗ್ಗೆ ಮರುಗಿದ್ದು ಹುಟ್ಟಿದ ಮೇಲೆ ಮೊದಲ ಸಲ. ಡಾಕ್ಟರ ವಿಷಯ ಮಾತ್ರ ಒಬ್ಬರೂ ಎತ್ತಿರಲಿಲ್ಲ. ಅಯ್ಯೋ, ಇದು ಮನಸ್ಸಿನ ಗಂಟಲ್ಲ, ಮಾಂಸದ್ದು ಎಂದು ಬರೆಯಲು ಹೊರಟೆ. ಹಾಗೆ ಬರೆದರೆ ಎಲ್ಲಿ ಎಂದು ಕೇಳುತ್ತಾರೆ. ಎಲ್ಲಿ ಎಂದು ಹೇಳಿದರೆ ಕೆಂಪಕ್ಕ ಇದ್ದಾಳೆ. ಬರೆಯದೆ ಬಿಟ್ಟೆ. ಆ ಉತ್ತರಗಳನ್ನು ಮತ್ತೆ ಮತ್ತೆ ಓದಿದೆ ಎನ್ನುವುದೂ ನಿಜ. ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು.

ಆ ವಾರವೇ ಅರ್ಧ ದಿನ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ. ಕೌಂಟರಿನ ತೂತಿನೊಳಗಿಂದ ಹೆಂಗಸೊಬ್ಬಳು ಕೇಳಿದಳು, "ಏನ್ ತೊಂದ್ರೆ?" ಹಿಂದೆ ನಿಂತ ಗಂಡಸಿನ ಉಸಿರು ನನ್ನ ಭುಜಕ್ಕೆ ತಾಗುತ್ತಿತ್ತು.

"ಎದೆ..." ಎಂದೆ.

"ಎದೆನೋವಾ? ಡವಡವ ಅಂತಿದ್ಯಾ?"

ಡವಡವ ಎನ್ನುವುದು ಸುಳ್ಳಾಗಿರಲಿಲ್ಲ. ತಲೆ ಆಡಿಸಿದೆ. ಅವಳು ಚೀಟಿ ಕೊಟ್ಟು ಹೃದಯದ ವಿಭಾಗಕ್ಕೆ ಕಳಿಸಿದಳು.

ಅಲ್ಲಿ ಬೆಂಚಿನ ತುಂಬ ಮುದುಕರು. ಕೋಲು ಹಿಡಿದ ಒಬ್ಬ ತಾತ ಸರಿದು ಜಾಗ ಕೊಟ್ಟರು. "ಈ ವಯಸ್ಸಿಗೇ ಹಾರ್ಟಾ ಮಗು? ಯಾವನು ಕೈ ಕೊಟ್ಟ ಹೇಳು, ಈ ಕೋಲಲ್ಲಿ ಎರಡು ಬಿಡ್ತೀನಿ."

"ಯಾರೂ ಇಲ್ಲ ತಾತ."

"ಯಾರೂ ಇಲ್ದೇ ಹೋದ್ರೂ ಹಾರ್ಟ್ ಕೆಡುತ್ತೆ ಬಿಡು" ಎಂದರು ಅವರು.

ಒಳಗೆ ನರ್ಸಮ್ಮ ಪರದೆ ಎಳೆದು, ಮೇಲಿನ ಬಟ್ಟೆ ತೆಗೆಸಿ, ತಣ್ಣಗಿನ ಅಂಟು ಹಚ್ಚಿ ವೈರುಗಳನ್ನು ಸಿಕ್ಕಿಸಿದರು. ಅಲ್ಲಿಯವರೆಗೆ ಇನ್ನೊಬ್ಬರ ಕಣ್ಣು ನನ್ನ ಮೈ ಮೇಲೆ ಬಿದ್ದಿರಲಿಲ್ಲ. ನಾನು ಸೂರಿನ ಫ್ಯಾನು ನೋಡುತ್ತಾ ಮಲಗಿದೆ. ಯಂತ್ರ ಗೀಚಿದ ಕಾಗದವನ್ನು ಹರಿದು ನೋಡಿ ಅವರು ನಕ್ಕರು.

"ಹಾರ್ಟ್ ಕುದುರೆ ಥರ ಇದೆ ಕಣಮ್ಮ. ಏನೂ ಇಲ್ಲ. ಎದ್ದು ಬಟ್ಟೆ ಹಾಕ್ಕೋ."

ಎದ್ದು ಬಟ್ಟೆ ಹಾಕಿಕೊಂಡರೆ ಮುಗಿಯಿತು. ನಾಳೆಯಿಂದ ಏನೂ ಇಲ್ಲವಂತೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಇನ್ನೊಂದು ಸಲ ಇಲ್ಲಿಗೆ ಬರುವಷ್ಟು ಧೈರ್ಯ ನನಗಿಲ್ಲ ಎಂದೂ ಗೊತ್ತಿತ್ತು. ನಾನು ಏಳಲಿಲ್ಲ.

"ಎದೆ ಅಲ್ಲ" ಎಂದೆ.

"ಮತ್ತೆ?"

ಸುತ್ತಿ ಬಳಸಿ ಹೇಳಲು ಇನ್ನೊಂದು ಪದ ಹುಡುಕಿದೆ. ಇರಲಿಲ್ಲ.

"ಮೊಲೆ. ಎಡಗಡೆ. ಗಂಟಿದೆ."

ಗೋಡೆ ಬೀಳಲಿಲ್ಲ. ನರ್ಸಮ್ಮ ನಗಲೂ ಇಲ್ಲ. "ಮೊದ್ಲೇ ಹೇಳ್ಬಾರ್ದಾ ತಾಯಿ" ಎಂದು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಿ ನೋಡಿದರು. ಅವರ ಬೆರಳು ಅಲ್ಲಿಗೆ ಬಂದು ನಿಂತಿತು. ಅವರ ಮುಖ ನೋಡಿದೆ. ಇಲ್ಲದ್ದನ್ನು ಊಹಿಸಿಕೊಂಡಿರಲಿಲ್ಲ ನಾನು.

"ಜೊತೆಗೆ ಯಾರಿದ್ದಾರೆ?"

"ಯಾರೂ ಬಂದಿಲ್ಲ."

"ಮೇಲಿನ ಮಹಡಿ, ಕೊನೇ ರೂಮು. ಲೇಡಿ ಡಾಕ್ಟ್ರಿದ್ದಾರೆ, ಸ್ಕ್ಯಾನ್ ಬರೆದುಕೊಡ್ತಾರೆ. ಗಾಬರಿ ಬೇಡ, ಎಷ್ಟೋ ಸಲ ಏನೂ ಆಗಿರಲ್ಲ. ಆದ್ರೆ ಅಲ್ಲಿ ಹೋಗಿ ಮತ್ತೆ ಎದೆ ಅಂದ್ಬಿಟ್ಟೀಯ, ವಾಪಸ್ ನನ್ನ ಹತ್ರಾನೇ ಕಳಿಸ್ತಾರೆ!"

ಮೇಲೆ ಬಾಗಿಲ ಬಳಿ ಕೂತ ಆಯಾ ಎಲ್ಲರಿಗೂ ಕೇಳಿಸುವಂತೆ, "ನಿಂದೇನಮ್ಮ?" ಎಂದಳು. ಹೇಳಿದೆ. ನನ್ನ ಧ್ವನಿ ಅಷ್ಟು ಜೋರಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಹೆಂಡತಿಯ ಜೊತೆ ಬಂದಿದ್ದ ಗಂಡಸೊಬ್ಬ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಆಯಾ ಚೀಟಿಯ ಮೇಲೆ ನಂಬರು ಗೀಚಿ, "ಕೂತ್ಕೋ, ಕರೀತೀನಿ" ಎಂದಳು.

ಕೂತವರಿಗೆಲ್ಲ ಪಕ್ಕದಲ್ಲಿ ಯಾರೋ ಒಬ್ಬರಿದ್ದರು. ತಾಯಿ, ಗಂಡ, ಅಕ್ಕ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಬ್ಯಾಗನ್ನು ಅದರ ಮೇಲಿಟ್ಟು, ಬಾಗಿಲನ್ನೇ ನೋಡುತ್ತಾ ಕೂತೆ.