ಮೂರನೆಯ ಚಿತ್ರದ ದನಿ

ಕತೆ ಹಳೆಯದು. ವೈದ್ಯನೊಬ್ಬ ಗಾಜಿನ ತೊಟ್ಟಿಯಲ್ಲಿ ಒಂದು ಜೀವವನ್ನು ಬೆಳೆಸುತ್ತಾನೆ. ಅದು ತೊಟ್ಟಿ ಒಡೆದು ಹೊರಬಂದು ಊರಿನ ಒಂದೊಂದೇ ಮನೆಯ ಬಾಗಿಲು ತಟ್ಟುತ್ತದೆ. ಇದನ್ನು ಮೂರು ಸಲ ಸಿನಿಮಾ ಮಾಡಿದ್ದರು. ಮೂರನ್ನೂ ಹೋಲಿಸಿ ನಾಳೆ ಚಿತ್ರಸಮಾಜದಲ್ಲಿ ಅವಳು ಮಾತಾಡಬೇಕಿತ್ತು. ಮೊದಲೆರಡನ್ನು ನೋಡಿ ಮುಗಿಸಿದ್ದಳು. ಮೂರನೆಯದಕ್ಕೆ ಕೈ ಹೋಗಿರಲಿಲ್ಲ.

ಮೂರನೆಯದರಲ್ಲಿ ಆ ಜೀವ ಮಾತಾಡುತ್ತದೆ. ಡಬ್ ಮಾಡಿದ ಪ್ರತಿಯಲ್ಲಿ ಅದಕ್ಕೆ ದನಿ ಕೊಟ್ಟವನು ಅವಳ ಗಂಡ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು 'ಗಂಟಲು' ಎಂದೇ ಕರೆಯುತ್ತಿದ್ದರು. ಅವನು ತೀರಿಹೋಗಿ ವರ್ಷದ ಮೇಲಾಗಿತ್ತು. ಅಂದಿನಿಂದ ಆ ದನಿ ಎಲ್ಲಿಯೂ ಕಿವಿಗೆ ಬೀಳದಂತೆ ನೋಡಿಕೊಂಡಿದ್ದಳು. ಅತ್ತಿರಲೂ ಇಲ್ಲ. ಒಮ್ಮೆ ಕೇಳಿಬಿಟ್ಟರೆ ಇಷ್ಟು ದಿನ ಹಿಡಿದು ನಿಲ್ಲಿಸಿದ್ದೆಲ್ಲ ಕುಸಿಯುತ್ತದೆ, ನಾಳೆ ಅಷ್ಟು ಜನರೆದುರು ಬಾಯಿ ತೆರೆಯಲಾಗುವುದಿಲ್ಲ ಎಂಬ ಅಂಜಿಕೆ.

ಮಧ್ಯಾಹ್ನ ಅತ್ತೆ ಬಟಾಣಿಯ ಬುಟ್ಟಿ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ಹಾಕು. ಎಷ್ಟು ದಿನ ಅಂತ ಆ ಲ್ಯಾಪ್‌ಟಾಪಿನ ಮುಖ ನೋಡ್ತಾ ಕೂತಿರ್ತೀಯ?"

"ನಿಮಗೆ ಕೇಳೋಕಾಗುತ್ತಾ ಅತ್ತೆ?"

"ಹೆತ್ತೋಳು ನಾನು. ಅವನ ಕಿರುಚಾಟ ನಿನಗಿಂತ ಹೆಚ್ಚು ಕೇಳಿದ್ದೀನಿ."

ಹಾಕಿದಳು. ಜೀವ ಬಾಯಿ ತೆರೆಯುವುದು ಕೊನೆಯ ಭಾಗದಲ್ಲಿ ಎಂದು ಎಲ್ಲೋ ಓದಿದ್ದಳು. ಅಲ್ಲಿಯವರೆಗೆ ಭಯವಿಲ್ಲ. ತುಸು ಸಡಿಲವಾಗಿ ಕೂತು ಉಳಿದೆರಡನ್ನು ನೆನೆದಳು. ಮೊದಲ ಚಿತ್ರದಲ್ಲಿ ಜೀವವನ್ನು ತೋರಿಸುವುದೇ ಇಲ್ಲ. ಹೊಸ್ತಿಲ ಮೇಲೆ ಒದ್ದೆ ಹೆಜ್ಜೆ, ಅಷ್ಟೆ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ಎರಡನೆಯದರಲ್ಲಿ ಎಲ್ಲವನ್ನೂ ತೋರಿಸುತ್ತಾರೆ, ರಬ್ಬರ್ ವೇಷದ ಬೆನ್ನಿನ ಜಿಪ್ಪನ್ನೂ. ಹಾಗಿದ್ದೂ ಅದು ಮಲಗಿದ ಮಗುವಿನ ಪಕ್ಕ ಸುಮ್ಮನೆ ಕೂರುವಾಗ ಕರುಳು ಚುರ್ ಎನ್ನುತ್ತದೆ.

ಪರದೆಯ ಮೇಲೆ ಅಂಚೆಯವನೊಬ್ಬ ಬಾಗಿಲು ತಟ್ಟಿದ. "ಮನೇಲಿ ಯಾರಿದ್ದೀರಿ?"

ಅವನೇ.

ಅವಳು ಕೂತಲ್ಲೇ ಕಲ್ಲಾದಳು. ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಬೆರಳೂ ನಿಂತಿತು. ಅಂಚೆಯವನು ಹೊರಟುಹೋದ. ಆಮೇಲೆ ಬ್ರೆಡ್ಡಿನ ಅಂಗಡಿಯವನು ಮೂಗಿನಲ್ಲಿ ಬೈದ. ಅದೂ ಅವನೇ. ರೇಡಿಯೊ ವಾರ್ತೆ ಅವನೇ, ಪೊಲೀಸಿನವನ ಕೆಮ್ಮೂ ಅವನದೇ. ಡಬ್ಬಿಂಗಿನಲ್ಲಿ ಚಿಲ್ಲರೆ ಪಾತ್ರಗಳನ್ನೆಲ್ಲ ಕೈಗೆ ಸಿಕ್ಕವರ ತಲೆಗೆ ಕಟ್ಟುತ್ತಾರೆಂದು ಅವಳಿಗೆ ಗೊತ್ತಿದ್ದದ್ದೇ. ಹೆದರುವ ಭರದಲ್ಲಿ ಮರೆತಿದ್ದಳು.

"ಆ ಕೆಮ್ಮು ನಟನೆ ಅಲ್ಲ," ಅತ್ತೆ ಅಂದರು. "ಶೀತ ಆಗಿತ್ತು. ಹೋಗಬೇಡ ಅಂದೆ, ಕೇಳಿದ್ನಾ?"

ಕೊನೆಗೆ ಜೀವ ಬೀದಿಗಿಳಿದು ಗುಡುಗಿತು. "ನನ್ನನ್ನ ಒಳಗೆ ಕರೀರಿ." ಊರ ಜನ ದಿಕ್ಕಾಪಾಲಾದರು. "ಬಂತು, ಓಡ್ರೋ" ಎಂಬ ಕೂಗಿನಲ್ಲೂ ಎದ್ದು ಕೇಳಿದ್ದು ಅದೇ ಗಂಟಲು.

"ನೋಡು ಇವನ ಚಂದ," ಅತ್ತೆ ಅಂದರು. "ತಾನೇ ಅಟ್ಟಿಸಿಕೊಂಡು ಬರ್ತಾನೆ, ತಾನೇ ಕಾಲಿಗೆ ಬುದ್ಧಿ ಹೇಳ್ತಾನೆ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುತ್ತ ನಗುತ್ತ ಕಣ್ಣು ತುಂಬಿತು, ತುಂಬಿದ್ದು ಹರಿಯಿತು. ಅತ್ತೆ ಸೆರಗಿನಿಂದ ಮೊದಲು ಅವಳ ಮುಖ ಒರೆಸಿದರು, ಆಮೇಲೆ ತಮ್ಮದು. ಏನೂ ಕುಸಿಯಲಿಲ್ಲ. ಎದೆ ಹಗುರಾಗಿತ್ತು, ಹಸಿವೂ ಆಗಿತ್ತು.

ಸಂಜೆ ಚಿತ್ರಸಮಾಜದ ಕಾರ್ಯದರ್ಶಿ ಫೋನು ಮಾಡಿದರು.

"ಮೇಡಂ, ಕಷ್ಟ ಆಗೋದಾದ್ರೆ ಮೂರನೇದನ್ನ ಬಿಟ್ಟುಬಿಡೋಣ."

"ಬೇಡ ಸಾರ್. ನೋಡಿದೆ. ಅದರ ಬಗ್ಗೆನೂ ಮಾತಾಡ್ತೀನಿ."

"ಹಾಗಾದ್ರೆ ಮೂರರಲ್ಲಿ ಯಾವುದು ಮೇಲು?"

"ಭಯಕ್ಕೆ ಮೊದಲನೇದು. ಮೂರನೇದು, ಸಿನಿಮಾ ಅಂತ ನೋಡಿದ್ರೆ, ಸಾಧಾರಣ."

"ಸಾಧಾರಣ ಅಂತೆ," ಅಡುಗೆಮನೆಯಿಂದ ಅತ್ತೆ ಗೊಣಗಿದರು. "ಇಡೀ ಊರಿನ ಕೆಲಸ ಒಬ್ಬನೇ ಮಾಡಿದ್ದಾನೆ."

"ಅದನ್ನೂ ಹೇಳ್ತೀನಿ ಬಿಡಿ ಅತ್ತೆ," ಎಂದು ಅವಳು ಫೋನಿಗೆ ಕೈ ಅಡ್ಡ ಹಿಡಿಯದೆಯೇ ಕೂಗಿ ಹೇಳಿದಳು.