ಮಾಡಿದ ಮೇಲೆ

ಬಲಗೈ ತೋಳಿನೊಳಗೆ ಹೋಗುತ್ತಿರಲಿಲ್ಲ. ನರ್ಸಕ್ಕ ಮೊಣಕೈಯನ್ನು ಮೆಲ್ಲಗೆ ನೀವಿ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಕೂಡಿಸಿ, ಬಿಳಿ ಉಡುಪಿನ ತೋಳನ್ನು ಅಂಗುಲ ಅಂಗುಲವಾಗಿ ಎಳೆಯುತ್ತಿದ್ದಳು.

"ಇನ್ನೊಂದು ಚೂರು ಬಗ್ಗು ತಾಯಿ," ಎಂದು ಹೆಣಕ್ಕೆ ಹೇಳಿದಳು. "ಬದುಕಿದ್ದಾಗ ಇಷ್ಟು ಹಟ ಮಾಡಿದವಳಲ್ಲ ನೀನು."

ಗಂಡ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಯಾವ ಸಭೆಗೂ ಸೇರಿದವನಲ್ಲ. ಹೆಂಡತಿ ಮಾತ್ರ ಇಪ್ಪತ್ತೆಂಟು ವರ್ಷದಿಂದ ಮೇಲಿನ ಬೀದಿಯ, ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಗೆ ನಡೆದುಕೊಂಡವಳು; ನರ್ಸಕ್ಕ ಅದೇ ಸಭೆಯ ಹೆಂಗಸರ ಮುಖಂಡಳು. ಈ ಬಿಳಿ ಉಡುಪು ಅವರು ದೇವಾಲಯದ ವಿಧಿಗಳಲ್ಲಿ ತೊಡುವಂಥದ್ದು. ಹೆಂಡತಿ ತಾನೇ ಹೊಲಿದು, ತಾನೇ ಇಸ್ತ್ರಿ ಮಾಡಿ, ತೆಳು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಳು. "ನಾನು ಹೋಗುವಾಗ ಇದರಲ್ಲೇ. ಮಲಗಿಸೋದು ಮಗುವಿನ ಪಕ್ಕದಲ್ಲೇ," ಎಂದು ಅವನಿಂದ ಮಾತು ತೆಗೆದುಕೊಂಡಿದ್ದಳು. ಎರಡೂ ಒಂದೇ ಮಾತೆಂದು ತಿಳಿದು ಅವನು ಹೂಂ ಅಂದಿದ್ದ.

ಅವಳ ಅಣ್ಣ ಬಂದಾಗ ಕೈ ಆಗಷ್ಟೇ ಒಳಗೆ ಹೋಗಿತ್ತು. ಕೆಳಗಿನ ಬೀದಿಯ ಹಳೆಯ ಸಭೆಯ ಬೋಧಕ ಅವನು. ಹಿಂದೆ ಅತ್ತಿಗೆ, ಕೈಯಲ್ಲೊಂದು ಚೀಲ.

"ಇದನ್ನ ತೆಗೀರಿ," ಎಂದ ಬೋಧಕ.

"ಅವಳ ಆಸೆ, ಭಾವ," ಎಂದ ಗಂಡ.

"ಆಸೆ ಗೊತ್ತಿದೆ. ಮಗುವಿನ ಪಕ್ಕದ ಜಾಗ ಮೂವತ್ತು ವರ್ಷದಿಂದ ಯಾರಿಗೂ ಕೊಡದೆ ಇಟ್ಟವನು ನಾನು. ನಮ್ಮ ಸಮಾಧಿ ತೋಟದ ಗೇಟಿನ ಬೀಗದ ಕೈ ನನ್ನ ಜೇಬಲ್ಲಿದೆ. ಆದ್ರೆ ಈ ಬಟ್ಟೆ ಆ ಗೇಟು ದಾಟಲ್ಲ. ಇದರಲ್ಲೇ ಹೋಗಬೇಕು ಅಂದ್ರೆ ಇವರ ಜಾಗ ಊರಾಚೆ ಇದೆಯಲ್ಲ, ಅಲ್ಲಿಗೆ ಹೊರಲಿ."

"ನಿಮ್ಮ ತಂಗಿ ಅವಳು."

"ಅದಕ್ಕೇ ಹೇಳ್ತಿರೋದಪ್ಪ. ಕರ್ತನ ಮುಂದೆ ತಾನು ಮಾಡಿದ್ದನ್ನೇ ತೊಟ್ಟುಕೊಂಡು ನಿಲ್ಲೋದು ಬೇಡ. ಬರಿಗೈಲಿ ಹೋಗಲಿ. ಹಾಗಾದ್ರೂ ಕರುಣೆ ಬಂದೀತು."

*

ಮಗು ನಾಲ್ಕು ತಿಂಗಳಿಗೆ ತೀರಿಕೊಂಡಿತ್ತು. ಮಣ್ಣು ಮಾಡಿ ಬಂದ ಮೇಲೆ ಅವಳು ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಗೋಡೆಗೊರಗಿ ಕೂತು ಕೇಳಿದ್ದಳು.

"ಮಗು ಈಗ ಎಲ್ಲಿದೆ ಅಣ್ಣ?"

ಬೋಧಕ ಆಗ ಹೊಸದಾಗಿ ಸಭೆ ವಹಿಸಿಕೊಂಡಿದ್ದ. ಸುಳ್ಳು ಹೇಳಬಾರದೆಂಬ ಪಟ್ಟು ಗಟ್ಟಿಯಾಗಿತ್ತು.

"ನಂಬಿದವರಿಗೆ ರಕ್ಷಣೆ. ಅದು ನಂಬೋ ವಯಸ್ಸಿಗೆ ಬರಲಿಲ್ಲ. ದೇವರ ಚಿತ್ತ. ನನಗೆ ಗೊತ್ತಿಲ್ಲ ಅಂತ ಮಾತ್ರ ಹೇಳಬಲ್ಲೆ."

"ನಾನು ಏನಾದ್ರೂ ಮಾಡಬಹುದಾ?"

"ಮಾಡೋದೇನೂ ಇಲ್ಲ. ನಂಬೋದಷ್ಟೇ."

ಎರಡು ವರ್ಷ ಅವಳು ಮಾಡುವುದೇನೂ ಇಲ್ಲದೆ ಇದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ನೂರಿಪ್ಪತ್ತು ದುಪ್ಪಟಿ ಇಸ್ತ್ರಿ ಮಾಡಿದಳು, ಅಷ್ಟೇ. ಆಮೇಲೊಂದು ದಿನ ಎದೆಗೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡ, ಮೇಲಿನ ಬೀದಿಯ ಸಭೆಯ ಇಬ್ಬರು ಯುವತಿಯರು ಬಾಗಿಲು ತಟ್ಟಿದರು. ಅವರ ಲಂಗ ಮುದುರಿಹೋಗಿತ್ತು. ಅದನ್ನು ನೋಡಲಾರದೆ ಒಳಗೆ ಕರೆದಳು. ಇಸ್ತ್ರಿ ಕಾಯುವಷ್ಟರಲ್ಲಿ ಅದೇ ಪ್ರಶ್ನೆ ಕೇಳಿದಳು.

"ಮಗುವಿಗೆ ಯಾವ ತಪ್ಪೂ ಇಲ್ಲಮ್ಮ. ಅದು ದೇವರ ಹತ್ತಿರವೇ ಇದೆ," ಎಂದಳು ಒಬ್ಬಳು. "ನೀವು ಅದನ್ನ ಮತ್ತೆ ಎತ್ತಿಕೊಂಡು ಬೆಳೆಸ್ತೀರಿ."

"ಅದಕ್ಕೆ ನಾನು ಏನು ಮಾಡಬೇಕು?"

ಅವರು ಹೇಳತೊಡಗಿದರು. ಬಹಳ ಇತ್ತು. ಚಹಾ ಬಿಡಬೇಕು, ಕಾಫಿ ಬಿಡಬೇಕು, ಉಪವಾಸ, ಸೇವೆ, ದೀಕ್ಷೆ, ಕೊನೆಗೆ ಗಂಡನೊಡನೆ ದೇವಾಲಯದಲ್ಲಿ, ಸಂಸಾರವನ್ನು ಸಾವಿನಾಚೆಗೂ ಒಂದಾಗಿ ಕಟ್ಟುವ ಮುದ್ರೆ. ಅವಳು ಇಸ್ತ್ರಿ ಪಕ್ಕಕ್ಕಿಟ್ಟು ಕೂತು ಕೇಳಿದಳು. ಅಂದು ರಾತ್ರಿ ಹೊಟ್ಟೆ ತುಂಬ ಉಂಡಳು.

*

"ಬಟ್ಟೆ ತೆಗೆದ್ರೆ ಏನಾಗುತ್ತೆ?" ಎಂದು ಗಂಡ ನರ್ಸಕ್ಕನನ್ನು ಕೇಳಿದ.

"ಅವಳು ದೇವರಿಗೆ ಕೊಟ್ಟ ಮಾತು ಬಟ್ಟೆ ತೆಗೆದ್ರೆ ಹೋಗಲ್ಲ."

"ಮಗು ಸಿಗುತ್ತಾ ಹಾಗಾದ್ರೆ?"

ನರ್ಸಕ್ಕ ಅವನ ಕೈಯಲ್ಲಿದ್ದ ಲೋಟ ನೋಡಿದಳು. ಮೂವತ್ತು ವರ್ಷ ವಾರ್ಡಿನಲ್ಲಿ ನಿಂತು, ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಭ್ಯಾಸವಾಗಿತ್ತು ಅವಳಿಗೆ.

"ಅದಕ್ಕೆ ಮೂರು ಜನ ಬೇಕಿತ್ತು. ಅವಳು, ಮಗು, ನೀವು. ಅವಳ ಪಾಲಿಂದು ಅವಳು ಎಲ್ಲ ಮಾಡಿದ್ಲು. ನೀವು ಇದೊಂದು ಲೋಟ ಕೆಳಗಿಡಲಿಲ್ಲ."

"ಈಗಲೂ ದಾರಿ ಇದೆ," ಎಂದೂ ಸೇರಿಸಿದಳು. ಅದು ಅವನ ಕಿವಿಗೆ ಬೀಳಲಿಲ್ಲ.

ಹಾಗಾದರೆ ತನ್ನಿಂದ ಕೊಡಲಾಗುವುದು ಆರಡಿ ಮಣ್ಣು ಮಾತ್ರ, ಮಗುವಿನ ಪಕ್ಕದ್ದು. ಲೋಟವನ್ನು ಕಿಟಕಿಯ ಮೇಲಿಟ್ಟ.

"ತೆಗೀರಿ," ಎಂದ.

ಬಲಗೈ ಹೊರಗೆ ಬರುವಾಗಲೂ ಅಷ್ಟೇ ಹೊತ್ತು ಹಿಡಿಯಿತು.

ಅತ್ತಿಗೆ ಚೀಲದಿಂದ ಬೂದು ಬಣ್ಣದ ಹತ್ತಿಯ ನಿಲುವಂಗಿ ತೆಗೆದು ಕೊಡವಿದಳು. ಪೆಟ್ಟಿಗೆಯ ತಳದಲ್ಲಿ ಬಹುಕಾಲ ಇದ್ದದ್ದು, ಮೈತುಂಬ ಸುಕ್ಕು.

"ಇಸ್ತ್ರಿ ಮಾಡಿಸೋಣ ಅಂದ್ರೆ, ಮಾಡ್ತಿದ್ದವಳೇ ಮಲಗಿಬಿಟ್ಟಿದ್ದಾಳಲ್ಲ," ಎಂದು ನಕ್ಕಳು. ಯಾರೂ ನಗದಿದ್ದಾಗ, "ಮಣ್ಣಿಗೆ ಹೋಗೋದು, ಯಾರು ನೋಡ್ತಾರೆ," ಎಂದಳು.

ಗಂಡ ಅದನ್ನು ಇಸಿದುಕೊಂಡು ಪಕ್ಕದ ಕೋಣೆಗೆ ಹೋದ. ನಿನ್ನೆ ಮಧ್ಯಾಹ್ನ ಅವಳು ಇಲ್ಲಿನ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದಿದ್ದಳು. ಕುಸಿಯುವ ಮುಂಚೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದ್ದಳು. ಅಣ್ಣ ಸಭೆಯಲ್ಲಿ ತೊಡುವ ಬಿಳಿ ನಿಲುವಂಗಿ ಇಸ್ತ್ರಿ ಮುಗಿದು, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಅವನು ಸ್ವಿಚ್ ಹಾಕಿದ. ಅವಳು ಒದ್ದೆ ಬೆರಳಿನಿಂದ ಚುಯ್ಯೆನಿಸಿ ಕಾವು ನೋಡುತ್ತಿದ್ದಳು. ಯಾವ ಬಟ್ಟೆಗೆ ಎಷ್ಟು ಚುಯ್ಯೆನ್ನಬೇಕೋ ಅವನಿಗೆ ತಿಳಿಯದು. ಎದೆಯ ಭಾಗವನ್ನು ಹರಡಿ ಒತ್ತಿದ. ಸುಕ್ಕು ಹೋಗಲಿಲ್ಲವೆಂದು ಇನ್ನಷ್ಟು ಒತ್ತಿದ. ಎತ್ತಿದಾಗ ಇಸ್ತ್ರಿಪೆಟ್ಟಿಗೆಯ ಅಡಿಯ ಆಕಾರ ಅಲ್ಲಿ ಕಂದಾಗಿ ಮೂಡಿತ್ತು.

ನರ್ಸಕ್ಕ ಅದನ್ನೇ ಹೆಣಕ್ಕೆ ತೊಡಿಸಿದಳು. ತೊಡಿಸಿದ ಮೇಲೆ ಅವಳ ಎರಡು ಕೈಗಳನ್ನೂ ಆ ಸುಟ್ಟ ಕಲೆಯ ಮೇಲೆ ಜೋಡಿಸಿಟ್ಟಳು. ಗಂಡ ಬಿಳಿ ಉಡುಪನ್ನು ಮಡಚಿ ಶವಪೆಟ್ಟಿಗೆಯೊಳಗೆ, ಅವಳ ತಲೆಯಡಿಗೆ, ಸರಿಸಲು ಹೋದ.

"ಒಳಗೂ ಬೇಡ," ಎಂದ ಬೋಧಕ. ಪಕ್ಕದ ಕೋಣೆಗೆ ಹೋಗಿ, ಮೊಳೆಯಿಂದ ತನ್ನ ನಿಲುವಂಗಿ ತೆಗೆದು, ಬೆಳಕಿಗೆ ಹಿಡಿದು ನೋಡಿ ತೊಟ್ಟುಕೊಂಡ.

*

ಪ್ರತಿ ಶನಿವಾರ ಆ ನಿಲುವಂಗಿ ಅವಳ ಮೇಜಿಗೆ ಬರುತ್ತಿತ್ತು. ಅವಳು ಸಭೆ ಬಿಟ್ಟ ವಾರವೂ ಬಂದಿತ್ತು. ಬೋಧಕ ಎದುರಿನ ಕುರ್ಚಿಯಲ್ಲಿ ಕೂತು, ಅದು ಮುಗಿಯುವ ತನಕ ಅವಳ ಆತ್ಮಕ್ಕಾಗಿ ವಾದಿಸುತ್ತಿದ್ದ.

"ನಿಮ್ಮವರು ಏನಂತಾರೆ? ಕೈಲಾದದ್ದೆಲ್ಲ ಮಾಡಿದ ಮೇಲೆ ಕೃಪೆ ಅಂತ ಅಲ್ವಾ?"

"ಹೂಂ."

"ಆ 'ಮೇಲೆ' ಅನ್ನೋ ಪದವೇ ನಿನ್ನನ್ನ ಮುಳುಗಿಸೋದು. ಕೈಲಾದದ್ದು ಎಲ್ಲಿಗೆ ಮುಗಿಯುತ್ತೆ? ಯಾವತ್ತು ಸಾಕು ಅಂತೀಯ? ನೂರು ದುಪ್ಪಟಿ ಆದ ಮೇಲಾ, ಸಾವಿರ ಆದ ಮೇಲಾ?"

ಅವಳು ಕಾಲರಿಗೆ ನೀರು ಚಿಮುಕಿಸಿದಳು.

"ನೀವು 'ಆಮೇಲೆ' ಅಂತ ತಿಳ್ಕೊಂಡಿದ್ದೀರಿ ಅಣ್ಣ. ನಾನು ಅದನ್ನ ಬೇರೆ ಥರ ತಿಳ್ಕೊಂಡಿದ್ದೀನಿ. ಮೇಜಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಇಸ್ತ್ರಿ, ಹಾಗೆ. ನಾನು ಮಾಡಿದ್ದು ಕೆಳಗೆ ಮುದುರಿಕೊಂಡು ಬಿದ್ದಿರುತ್ತೆ. ಕೃಪೆ ಅದರ ಮೇಲೆ ಬರುತ್ತೆ. ಕೆಳಗೆ ಏನೂ ಇಲ್ಲದಿದ್ರೆ ಅದು ಪಾಪ ಎಲ್ಲಿ ಇಳಿಯಬೇಕು?"

ಬೋಧಕ ಅಡ್ಡಡ್ಡ ತಲೆಯಾಡಿಸಿದ.

"ಹಾಗಿದ್ರೆ 'ಮಾಡಿದ್ದರ ಮೇಲೆ' ಅನ್ನಬೇಕು. ವ್ಯಾಕರಣವೇ ಸರಿಯಿಲ್ಲ ನಿಂದು."

"ಐದನೇ ಕ್ಲಾಸು ಓದಿದವಳು ನಾನು," ಎಂದು ನಿಲುವಂಗಿಯನ್ನು ಅವನ ಕೈಗೆ ಕೊಟ್ಟಳು.

ಅವನು ಅದನ್ನು ಬೆಳಕಿಗೆ ಹಿಡಿದ.

"ಬಲತೋಳಿನ ಗೆರೆ ನೆಟ್ಟಗಿಲ್ಲ. ಇನ್ನೊಂದು ಸಲ ಹಾಕು."

ಅವಳು ಇನ್ನೊಂದು ಸಲ ಹಾಕಿದಳು.

*

ಸಮಾಧಿಯ ಬಳಿ ಲಾಂಡ್ರಿಯ ಹೆಂಗಸರು ಆರು ಮಂದಿ ಒಂದು ಕಡೆ ನಿಂತಿದ್ದರು. ನರ್ಸಕ್ಕ ಗೇಟಿನ ಹೊರಗೇ ಉಳಿದಿದ್ದಳು; ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಗಂಡನ ಕಂಕುಳಲ್ಲಿ ಬಿಳಿ ಉಡುಪಿನ ಗಂಟು ಇತ್ತು; ಹೆಣದ ಮೈಮೇಲೆ ಇಲ್ಲವಲ್ಲ ಎಂದು ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಮಗುವಿನ ಕಲ್ಲು ಒಂದು ಗೇಣು ಎತ್ತರದ್ದು. ಅಗೆದ ಕೆಂಪು ಮಣ್ಣನ್ನು ಅದರ ಮೇಲೇ ಸುರಿದಿದ್ದರು. ಕಲ್ಲು ಈಗ ಕಾಣುತ್ತಿರಲಿಲ್ಲ.

ಬೋಧಕ ಮಾತಾಡಿದ. ನಡುವೆ ಎರಡು ಸಲ ಅತ್ತ. ಅಳು ನಿಜವಾದದ್ದೇ.

"ಇಪ್ಪತ್ತೆಂಟು ವರ್ಷ ಬೇಡಿಕೊಂಡೆ. ಅವಳು ಕೇಳಲಿಲ್ಲ. ಅವಳು ಏನು ಮಾಡಿದಳು ಅನ್ನೋದು ಇವತ್ತು ಇಲ್ಲಿ ನಮ್ಮ ಬಾಯಲ್ಲಿ ಬರಬಾರದು. ನಾವು ಮಾಡಿದ್ದೆಲ್ಲ ಕರ್ತನ ಕಣ್ಣಿಗೆ ಕೊಳೆ ಬಟ್ಟೆ. ಅದನ್ನ ಕಳಚಿ ಬಂದವರಿಗೇ ಬಾಗಿಲು."

"ಕೊಳೆ ಬಟ್ಟೆ ಅಂತೆ," ಎಂದು ಲಾಂಡ್ರಿಯವರಲ್ಲಿ ಹಿರಿಯಳು ಪಕ್ಕದವಳಿಗೆ ಮೆಲ್ಲಗೆ ಅಂದಳು. "ಅವಳ ಮುಂದೆ ಹೇಳಿದ್ರೆ, ತಗೊಂಡು ಬನ್ನಿ ಒಗೀತೀನಿ ಅಂತಿದ್ಲು."

"ಸುಮ್ಮನಿರೇ."

ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ಬೋಧಕನದು. ಅವನು ಗುಡ್ಡೆಯ ಮುಂದೆ ಬಗ್ಗಿದ. ನೆಲ ಒದ್ದೆಯಾಗಿತ್ತು. ಕೈ ಚಾಚಿದವನು ಅರ್ಧಕ್ಕೇ ತಡೆದ. ಎಡಗೈಯಿಂದ ಬಲತೋಳಿನ ಅಂಚು ಹಿಡಿದು, ಗೆರೆ ಕೆಡದಂತೆ, ಒಂದು ಮಡಿಕೆ, ಇನ್ನೊಂದು ಮಡಿಕೆ, ಮೊಣಕೈಯವರೆಗೆ ಏರಿಸಿದ. ಅದು ಜಾರುವುದಿಲ್ಲವೆಂದು ಖಚಿತವಾದ ಮೇಲೆ ಮಣ್ಣಿಗೆ ಕೈ ಹಾಕಿದ.